ರೂಮಲ್ಲಿ ಇದ್ದವರೆಲ್ಲಾ ಬರೆದವರೇ

ಅಕ್ಕನ ಮನೆ ಡೈನಿಂಗ್ ಟೇಬಲ್ ಮೇಲೆ ಒಂದು ಗಾಜಿನ ಡಿಶ್ ಇತ್ತು. ಓವನ್‌ಗೆ ಇಡ್ತಾರಲ್ಲ, ಉದ್ದಕ್ಕೆ, ದಪ್ಪ ಗಾಜಿಂದು, ಅದು. ಒಂದು ಮೂಲೇಲಿ ಸ್ವಲ್ಪ ಚಕ್ಕೆ ಎದ್ದಿದೆ. ಅದು ಅಕ್ಕಂದಲ್ಲ, ನಂದೂ ಅಲ್ಲ. ನಾನು ಬಾಡಿಗೆಗಿರೋ ಮನೆ ಓನರ್ ಬೆವ್ ಆಂಟೀದು. ಅದರಲ್ಲಿ ಆಪಲ್ದು ಏನೋ ಸಿಹಿ ಮಾಡಿ ಕಳಿಸಿದ್ರು. ಎಲ್ಲಾರೂ ತಿಂದು ಮುಗಿಸಿದ್ವಿ, ವಾಪಸ್ ಕೊಡೋದು ಬಾಕಿ. ಹೋದ ಭಾನುವಾರ ಆ ಡಿಶ್ ಮುಂದೆ ಕೂತಿದ್ದಾಗ್ಲೇ ನನಗೆ ಸಿಟ್ಟು ನೆತ್ತಿಗೇರಿದ್ದು.

ಅವತ್ತು ಬಾವನ ಆಫೀಸಿನವರೊಬ್ಬರು ಹೆಂಡ್ತಿ, ಮಗಳನ್ನ ಕರ್ಕೊಂಡು ಟೋಟೆಮ್ ಲೇಕಲ್ಲಿರೋ ಅಕ್ಕನ ಮನೆಗೆ ಊಟಕ್ಕೆ ಬಂದಿದ್ರು. ಮಗಳ ಹೆಸರು ಅನ್ವಿ, ಹೈಸ್ಕೂಲು, ಇಲ್ಲೇ ಹುಟ್ಟಿದ್ದು. ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಬರುತ್ತೆ. ಊಟ ಆದ್ಮೇಲೆ ಅವಳು ಸ್ಪೀಕರಲ್ಲಿ ಒಂದು ಕಂಟ್ರಿ ಹಾಡು, ಅಮೆರಿಕಾದ ಹಳ್ಳಿ ಕಡೇದು, ಹಾಕಿದ್ಲು. ಒಳ್ಳೇ ಹಾಡು. ಎಲ್ಲಾರೂ ಮಾತು ನಿಲ್ಲಿಸಿ ಕೇಳಿದ್ರು.

"ಚೆನ್ನಾಗಿದೆಯಲ್ಲ, ಯಾರು ಹಾಡಿರೋದು?" ಅಂದ್ರು ಅವಳಮ್ಮ.

ಹುಡುಗಿ ಹಾಡಿದವಳ ಹೆಸರು ಹೇಳಿದ್ಲು. ಅವಳ ಗಂಡನ ಹೆಸರು ಹೇಳಿದ್ಲು. ಅವಳ ನಾಯಿ ಹೆಸರೂ ಹೇಳಿದ್ಲು, ಸುಳ್ಳಲ್ಲ.

ನಾನು ಕೇಳ್ದೆ, "ಬರೆದೋರು ಯಾರು?"

"ಐ ಡೋಂಟ್ ನೋ ಅಂಕಲ್. ಡಸ್ ಇಟ್ ಮ್ಯಾಟರ್?"

ಅಂಕಲ್ ಅಂದಿದ್ದಕ್ಕೆ ಅರ್ಧ ಸಿಟ್ಟು ಅಂತಾನೇ ಇಟ್ಕೊಳ್ಳಿ. ನನಗಿನ್ನೂ ಮದುವೇನೂ ಆಗಿಲ್ಲ. ಉಳಿದ ಅರ್ಧ ಮಾತ್ರ ಆ 'ಡಸ್ ಇಟ್ ಮ್ಯಾಟರ್'ಗೆ. ಆ ಸಿಟ್ಟು ಎಲ್ಲಿಂದ ಬಂತು ಅಂತ ಹೇಳ್ತೀನಿ, ಕೂತ್ಕೊಳ್ಳಿ. ನನಗೆ ಚೆಂದ ಮಾಡಿ ಬರೆಯೋಕೆ ಬರಲ್ಲ. ಬಂದ ಹಾಗೆ ಹೇಳ್ತೀನಿ.

ನಾನು ಮಂಡ್ಯದವನು. ಪಿಯುಸಿ ಫೇಲು. ಅಮೆರಿಕಾಗೆ ಹೆಂಗೆ ಬಂದೆ ಅಂದ್ರೆ, ಇಲ್ಲೇ ಇದ್ದ ಚಿಕ್ಕಪ್ಪ ಯಾವತ್ತೋ ಅಪ್ಪನ ಹೆಸರಲ್ಲಿ ಹಾಕಿದ್ದ ಅರ್ಜಿ, ಎಲ್ಲಾರೂ ಅದನ್ನ ಮರೆತ್ಮೇಲೆ ಪಾಸಾಯ್ತು. ಅಪ್ಪ ಅಮ್ಮನ ಜೊತೆ ಅಕ್ಕ, ನಾನು ಇಬ್ಬರೂ ಬಂದ್ವಿ. ಅಕ್ಕ ಓದಿದ್ಲು, ಬೆಲ್ವ್ಯೂನಲ್ಲಿ ದೊಡ್ಡ ಬಿಲ್ಡಿಂಗಲ್ಲಿ ಕೆಲಸ ಮಾಡೋ ಗಿರೀಶ್ ಬಾವನ್ನ ಮದುವೆ ಆದ್ಲು. ನಾನು ಟಕ್ವಿಲಾದಲ್ಲಿ ಒಂದು ಗೋಡೌನಿಗೆ ಸೇರ್ಕೊಂಡು ಫೋರ್ಕ್‌ಲಿಫ್ಟ್ ಓಡಿಸ್ತಾ ಇದೀನಿ. ಮೊದಮೊದಲು ಅಕ್ಕನ ಮನೇಲೇ ಇದ್ದೆ. ಬಾವ ದಿನಾ ಊಟದ ಹೊತ್ತಿಗೆ "ಒಂದು ಸರ್ಟಿಫಿಕೇಶನ್ ಮಾಡ್ಕೊಳ್ಳೋ, ಕ್ಲೌಡ್ ಕಲಿಯೋ" ಅಂತ ಶುರು ಮಾಡೋರು. ಒಂದಿನ ನಾನು, "ಬಾವ, ನನಗೆ ಅನ್ನ ಇಳೀತಿಲ್ಲ, ಕ್ಲೌಡ್ ಹೆಂಗೆ ಇಳಿಯುತ್ತೆ" ಅಂದೆ. ಅಕ್ಕ ಅತ್ಲು. ನಾನು ಗೋಡೌನ್ ಹತ್ರಾನೇ ಒಂದು ಬೇಸ್‌ಮೆಂಟ್ ರೂಮು ನೋಡ್ಕೊಂಡೆ.

ಆ ಮನೆ ಬೆವ್ ಆಂಟೀದು. ಉದ್ದಕ್ಕಿದ್ದಾರೆ, ಸಣ್ಣಗಿದ್ದಾರೆ, ಬಿಳೀ ಜಡೆ, ಕುತ್ತಿಗೆಗೆ ದಾರದಲ್ಲಿ ಕನ್ನಡಕ. ಇಲ್ಲಿ ವಯಸ್ಸಾದವರನ್ನೂ ಬರೀ ಹೆಸರು ಹಿಡಿದು ಕರೀತಾರೆ. ನನಗೆ ಬಾಯಿ ಬರ್ಲಿಲ್ಲ, ಆಂಟಿ ಅಂದೆ. ಅವರಿಗೆ ಮೊದಲು ನಗು, ಆಮೇಲೆ ಅಭ್ಯಾಸ ಆಯ್ತು. ಏನು ಕೆಲಸ ನಿಮ್ದು ಅಂದಿದ್ದಕ್ಕೆ "ನಾನು ಪ್ರೊಡ್ಯೂಸರ್" ಅಂದ್ರು. ನಮ್ಮಲ್ಲಿ ಪ್ರೊಡ್ಯೂಸರ್ ಅಂದ್ರೆ ಏನು? ದುಡ್ಡು ಹಾಕೋನು, ಬಿಳೀ ಬಟ್ಟೆ, ಕೈತುಂಬ ಉಂಗುರ. ಇಷ್ಟು ದೊಡ್ಡ ಮನುಷ್ಯೆ ಬೇಸ್‌ಮೆಂಟ್ ಬಾಡಿಗೆಗೆ ಯಾಕೆ ಕೊಡ್ತಾರೆ, ಒಂದೇ ಸ್ವೆಟರ್ ಯಾಕೆ ಹಾಕ್ತಾರೆ, ಎಲ್ಲೋ ಒಂದು ಪಿಕ್ಚರ್ ಮಲಗಿ ಲಾಸ್ ಆಗಿರ್ಬೇಕು ಅಂತ ನಾನು ಎಷ್ಟೋ ದಿನ ಅವರ ಮೇಲೆ ಕನಿಕರ ಪಟ್ಟಿದ್ದೆ. ಒಂದ್ಸಲ ಸಮಾಧಾನಾನೂ ಮಾಡಿದ್ದೆ, "ಮುಂದಿನ ಪಿಕ್ಚರ್ ಓಡುತ್ತೆ ಆಂಟಿ" ಅಂತ. ಪಾಪ, ಥ್ಯಾಂಕ್ ಯೂ ಅಂದ್ರು.

ಅವರು ಮಾಡೋದು ಬೇರೆ. ಮನೆ ಹಿಂದಿನ ಗ್ಯಾರೇಜಲ್ಲಿ ಕಾರಿಲ್ಲ, ಮೈಕು, ವೈರು, ಒಂದು ಕಿತ್ತೋದ ಸೋಫಾ, ಹಳೇ ಕಾರ್ಪೆಟ್ ಇದೆ. ಮಳೇಗೆ ಆ ಕಾರ್ಪೆಟ್ಟು ಒದ್ದೆ ನಾಯಿ ತರ ವಾಸನೆ ಹೊಡಿಯುತ್ತೆ. ಅಲ್ಲಿ ಕಂಟ್ರಿ ಹಾಡು ರೆಕಾರ್ಡ್ ಆಗುತ್ತೆ. ಹಾಡೋರು ಹಾಡ್ತಾರೆ, ಬಾರಿಸೋರು ಬಾರಿಸ್ತಾರೆ, ಬೆವ್ ಆಂಟಿ ಕೂತ್ಕೊಂಡು "ಬೇಡ" ಅಂತಾರೆ. ಪಿಟೀಲು ಬೇಡ. ಆ ಎಳೆಯೋದು ಬೇಡ. ಆ ಅಳು ಬೇಡ. ಎಲ್ಲಾ ತೆಗೆದು ತೆಗೆದು ಕೊನೇಗೆ ಏನು ಉಳಿಯುತ್ತೋ ಅದೇ ಹಾಡು. ಇಂಥಾ ಕೆಲಸ ಇದೆ ಅಂತ ಗೊತ್ತಿದ್ರೆ ನಾನೂ ಮಾಡ್ತಿದ್ದೆ. ನನಗೂ ಬೇಡ ಅನ್ನೋದು ಚೆನ್ನಾಗಿ ಬರುತ್ತೆ.

ಶನಿವಾರ ಬೆಳಗ್ಗೆ ಕ್ಲೈಡ್ ತಾತ ಬರೋರು. ಹಾಡು ಬರೆಯೋರು. ಹೊಟ್ಟೆ ದೊಡ್ಡದು, ಪ್ಯಾಂಟಿಗೆ ಹೆಗಲ ಮೇಲಿಂದ ಪಟ್ಟಿ, ಒಂದು ಕಿವಿ ಕೇಳಿಸ್ತಿರ್ಲಿಲ್ಲ. ವಯಸ್ಸಲ್ಲಿ ನ್ಯಾಶ್‌ವಿಲ್‌ನಲ್ಲಿ ಇದ್ರಂತೆ, ಕಂಟ್ರಿ ಹಾಡಿಗೆ ಅದೇ ರಾಜಧಾನಿ. ಅಲ್ಲಿ ಹಾಡು ಬರೆಯೋದು ಆಫೀಸ್ ಇದ್ದಂಗೆ. ಬೆಳಗ್ಗೆ ಹೋಗೋದು, ಇಬ್ಬರು ಮೂವರು ಒಂದು ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋದು, ಮಧ್ಯಾಹ್ನದ ಊಟಕ್ಕೆ ಏಳೋ ಹೊತ್ತಿಗೆ ಒಂದು ಹಾಡು. ವಾಪಸ್ ಬಂದ್ಮೇಲೆ ಇಲ್ಲಿ ಸ್ಕೂಲ್ ಬಸ್ ಓಡಿಸಿದ್ರು. ನಾನು ತಾತ ಅಂತಿದ್ದೆ. ಹಂಗಂದ್ರೇನು ಅಂದ್ರು. ಗ್ರ್ಯಾಂಡ್‌ಪಾ ಅಂದೆ. "ನಿನ್ನಂಥ ಮೊಮ್ಮಗನ್ನ ನಾನು ಆರ್ಡರ್ ಮಾಡಿರ್ಲಿಲ್ಲ" ಅಂದ್ರು. ಆದ್ರೆ ಮುಂದಿನ ವಾರ ಫೋನ್ ಮಾಡಿದಾಗ "ತಾತ ಮಾತಾಡ್ತಿರೋದು" ಅಂತಾನೇ ಶುರು ಮಾಡಿದ್ರು. ಅವರು ಅಂದಿದ್ದೆಲ್ಲ ಇಂಗ್ಲಿಷಲ್ಲಿ, ನನ್ನ ತಲೇಲಿ ಉಳಿದಿರೋದು ಕನ್ನಡದಲ್ಲಿ. ನನಗೆ ಅನುಕೂಲ ಆದ ಹಾಗೆ ಹೇಳ್ತಿದೀನಿ.

ಅವರ ಹಾಡು ನನಗೆ ಯಾಕೆ ಹಿಡಿಸ್ತು ಅಂದ್ರೆ, ಅದರಲ್ಲಿ ಲಾರಿ ಅಂದ್ರೆ ಲಾರಿ. ಚಂದ್ರ ಇಲ್ಲ, ಇಬ್ಬನಿ ಇಲ್ಲ, ಕೋಗಿಲೆ ಇಲ್ಲ. ಒಬ್ಬ ಕೆಲಸ ಕಳ್ಕೊಂಡ, ಮನೇಲಿ ಹೇಳಿಲ್ಲ, ದಿನಾ ಬುತ್ತಿ ಕಟ್ಟಿಸ್ಕೊಂಡು ಹೋಗಿ ಪಾರ್ಕಲ್ಲಿ ತಿಂತಾನೆ. ಅಷ್ಟೇ ಹಾಡು. ಅವನಿಗೆ ದುಃಖ ಆಯ್ತು ಅಂತ ಎಲ್ಲೂ ಇಲ್ಲ. ನಾನು ಕೇಳಿದ್ದಕ್ಕೆ ತಾತ ಅಂದ್ರು, "ಅಳೋ ಕೆಲಸ ಮನುಷ್ಯನ ಕೈಲಿ ಮಾಡಿಸ್ಬಾರ್ದು. ಸಾಮಾನಿಗೆ ಬಿಡು. ಬುತ್ತಿ ಡಬ್ಬಿ ಅಳುತ್ತೆ."

ಈಗ ಡಿಶ್ ವಿಷ್ಯ.

ಬೆವ್ ಆಂಟಿ ಒಂದ್ಸಲ ಇದೇ ಡಿಶ್ಶಲ್ಲಿ ಏನೋ ಮಾಡಿ ಕೊಟ್ಟಿದ್ರು. ಚೀಸೋ ಚೀಸು. ಮಾರನೇ ಶನಿವಾರ ನಾನು ಅದರ ತುಂಬ ಚಿತ್ರಾನ್ನ ಕಲಸಿ ಗ್ಯಾರೇಜಿಗೆ ತಗೊಂಡೋದೆ. ತಾತ ಗಿಟಾರ್ ಇಟ್ಕೊಂಡು ಮುಖ ಗಂಟು ಹಾಕಿ ಕೂತಿದ್ರು. ಹೆಂಡ್ತಿ ಬಿಟ್ಟೋದ ಗಂಡಸಿನ ಹಾಡಂತೆ, ಬೆಳಗ್ಗೆಯಿಂದ ಒಂದು ಸಾಲು ಮುಂದಕ್ಕೆ ಹೋಗ್ತಿಲ್ಲ. ತಾತ ಏನು ಹೇಳಿದ್ರೂ ಆಂಟಿ "ಬೇಡ" ಅಂತಿದ್ದಾರೆ.

"ಇದೇನು? ಬರೀ ಡಿಶ್ ಕೊಟ್ಟಿದ್ರೆ ಸಾಕಿತ್ತಲ್ಲ" ಅಂದ್ರು ಆಂಟಿ.

"ನಮ್ಮ ಕಡೆ ಬೇರೆಯವರ ಪಾತ್ರೆ ಖಾಲಿ ವಾಪಸ್ ಕೊಡಲ್ಲ ಆಂಟಿ. ಏನಿಲ್ಲ ಅಂದ್ರೆ ಒಂದು ಚಿಟಿಕೆ ಸಕ್ಕರೆ ಆದ್ರೂ ಹಾಕ್ತಾರೆ. ಖಾಲಿ ಕೊಟ್ರೆ ನಮ್ಮಮ್ಮ ಬೈತಾಳೆ."

ತಾತ ಕೇಳೋ ಕಿವಿ ಈ ಕಡೆ ತಿರುಗಿಸಿದ್ರು. "ಖಾಲಿ ಕೊಟ್ರೆ ಏನು ಅರ್ಥ?"

"ಏನ್ ಅರ್ಥ ಅಂದ್ರೆ? ಕೊಡೋದು ತಗೊಳ್ಳೋದು ಮುಗೀತು ಅಂತ. ಇನ್ಮೇಲೆ ಬರಲ್ಲ ಅಂತ."

ಗಿಟಾರ್ ನಿಂತೋಯ್ತು. ನಾನು ಏನೋ ತಪ್ಪು ಮಾತಾಡಿಬಿಟ್ಟೆ ಅಂದ್ಕೊಂಡು ಬಾಗಿಲ ಕಡೆ ಹೊರಟೆ. "ಕೂತ್ಕೋ, ಎಲ್ಲಿಗ್ ಹೋಗ್ತೀಯಾ" ಅಂತ ತಾತ ಗದರಿಸಿದ್ರು. ಚಿತ್ರಾನ್ನ ಆರೋಗೋ ಅಷ್ಟರಲ್ಲಿ ಹಾಡು ಎದ್ದು ನಿಂತಿತ್ತು. ಬಿಟ್ಟೋದ ಹೆಂಡ್ತಿ ಒಂದಿನ ಬಂದು ಅವನ ಡಿಶ್ ವಾಪಸ್ ಕೊಡ್ತಾಳೆ. ಜಗಳ ಇಲ್ಲ, ನಗ್ತಾಳೆ, ಮಳೆ ಚಳಿ ಬಗ್ಗೆ ಮಾತಾಡ್ತಾಳೆ. ಡಿಶ್ ತೊಳೆದಿದೆ, ಪಳಪಳ ಹೊಳೀತಿದೆ, ಒಳಗೆ ಏನಿಲ್ಲ. ಅವನಿಗೆ ಆವಾಗ ಗೊತ್ತಾಗುತ್ತೆ. ಕೊನೆ ಚರಣ ಮಾತ್ರ ತಾತನಿಗೆ ಒಪ್ಪಿಗೆ ಆಗ್ಲಿಲ್ಲ. "ಅದು ತಾನಾಗೇ ಬರುತ್ತೆ" ಅಂದ್ರು. ಆಂಟಿ ಅವತ್ತೇ ತಾತನ ದನೀಲಿ ಅಷ್ಟನ್ನ ರೆಕಾರ್ಡ್ ಮಾಡಿಟ್ಕೊಂಡ್ರು.

ಆಮೇಲೆ ತಾತ ನನ್ನ ಪೂರ್ತಿ ಹೆಸರು, ಸ್ಪೆಲ್ಲಿಂಗು ಕೇಳಿದ್ರು. ಈ ದೇಶದಲ್ಲಿ ಯಾರಾದ್ರೂ ಸ್ಪೆಲ್ಲಿಂಗ್ ಕೇಳಿದ್ರೆ ಯಾವುದೋ ಫಾರಮ್ಮಲ್ಲಿ ತಪ್ಪಾಗಿದೆ ಅಂತಾನೇ ನನಗೆ. "ಯಾಕೆ?" ಅಂದೆ.

"ಹಾಡು ಬರೆದವರಲ್ಲಿ ನಿನ್ನ ಹೆಸರು ಹಾಕೋಕೆ."

"ನಾನೇನ್ ಬರ್ದೆ ತಾತ? ಅನ್ನ ತಂದೆ."

"ರೂಮಲ್ಲಿ ಇದ್ದೆ."

ಅದು ಅವರ ಕಡೆ ಪದ್ಧತಿ ಅಂತೆ. ಹಾಡು ಬರೆಯೋವಾಗ ರೂಮಲ್ಲಿ ಯಾರಿರ್ತಾರೋ ಅವರೆಲ್ಲಾ ಬರೆದವರೇ. ನೀನೆಷ್ಟು ಪದ ಹಾಕಿದೆ, ನಾನೆಷ್ಟು ಹಾಕಿದೆ ಅನ್ನೋ ಲೆಕ್ಕ ಇಲ್ಲ. ದುಡ್ಡು ಬಂದ್ರೆ ಎಲ್ಲಾರಿಗೂ ಸಮ. ಒಂದ್ಸಲ ಹೀಟರ್ ರಿಪೇರಿಗೆ ಬಂದವನೊಬ್ಬ "ಇಷ್ಟು ಚಳೀಲಿ ಹೆಂಗೆ ಕೂತಿದ್ದೀರಪ್ಪ" ಅಂದ್ನಂತೆ, ಆ ಮಾತು ಹಾಡಿಗೆ ಬಂತಂತೆ, ಅವನ ಹೆಸರೂ ಬಂತಂತೆ. "ಲೆಕ್ಕ ಹಾಕೋಕೆ ಶುರು ಮಾಡಿದ್ರೆ ಮುಂದಿನ ಸಲ ಯಾರೂ ಬಾಯೇ ಬಿಡಲ್ಲ" ಅಂದ್ರು ತಾತ. ನನಗೆ ಅವತ್ತು ಇದು ಹುಚ್ಚು ಅನ್ನಿಸ್ತು. ಖುಷೀನೂ ಆಯ್ತು, ಯಾಕೆ ಸುಳ್ಳು ಹೇಳ್ಲಿ.

ಈಗ ಬಂತು ನೋಡಿ ಸಿಟ್ಟಿನ ಭಾಗ.

ಆ ಹಾಡು ಹೆಂಗೋ ನ್ಯಾಶ್‌ವಿಲ್‌ಗೆ ಹೋಗಿ ಒಬ್ಬ ದೊಡ್ಡ ಹಾಡುಗಾರ್ತಿ ಕಿವಿಗೆ ಬಿತ್ತು. ಅವಳ ಹೆಸರು ಹೇಳಲ್ಲ, ಹೇಳೋಕೆ ಇಷ್ಟಾನೂ ಇಲ್ಲ. ಅವಳ ಮ್ಯಾನೇಜರು ಒಂದು ಶನಿವಾರ ಫೋನ್ ಮಾಡ್ದ. ಆಂಟಿ ಸ್ಪೀಕರಲ್ಲಿ ಹಾಕಿದ್ರು. ಹಾಡು ಅವಳಿಗೆ ತುಂಬಾ ಇಷ್ಟ ಆಗಿದೆ, ಹಾಡ್ತಾಳೆ. ಒಂದೇ ಒಂದು ಸಣ್ಣ ವಿಷ್ಯ. ಮೂರನೇ ಹೆಸರು ಇದೆಯಲ್ಲ, ಉಚ್ಚಾರ ಮಾಡೋಕಾಗದೇ ಇರೋದು, ಅದನ್ನ ತೆಗೆದು ಅಲ್ಲಿ ಅವಳ ಹೆಸರು ಹಾಕಿ.

"ಅವಳು ರೂಮಲ್ಲಿ ಇರ್ಲಿಲ್ಲ" ಅಂದ್ರು ತಾತ.

"ಎಲ್ಲಾರೂ ಹಿಂಗೇ ಮಾಡೋದು ಕ್ಲೈಡ್, ನಿಮಗೆ ಗೊತ್ತಿಲ್ವಾ."

"ಗೊತ್ತು. ಅವಳು ರೂಮಲ್ಲಿ ಇರ್ಲಿಲ್ಲ." ಫೋನ್ ಕಟ್.

ನೀವೇ ಹೇಳಿ. ಬಸ್ ಓಡಿಸ್ಕೊಂಡಿದ್ದ ಮನುಷ್ಯ, ಜೀವಮಾನದಲ್ಲಿ ಇನ್ನೊಂದು ಇಂಥಾ ಫೋನ್ ಬರುತ್ತಾ? ನನಗೆ ಆ ಮ್ಯಾನೇಜರ್ ಮೇಲೆ ಬಂದಿದ್ದಕ್ಕಿಂತ ಜಾಸ್ತಿ ಸಿಟ್ಟು ತಾತನ ಮೇಲೆ ಬಂತು. "ತಾತ, ತಲೆ ಕೆಟ್ಟಿದ್ಯಾ? ನನ್ನ ಹೆಸರು ಕಿತ್ತಾಕಿ. ನನ್ನ ಹೆಸರು ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?" ಅಂತ ಕೂಗಾಡ್ದೆ.

ತಾತ ಗಿಟಾರನ್ನ ಪೆಟ್ಟಿಗೇಗೆ ಇಟ್ರು. "ನಿನ್ನ ಹೆಸರು ನಿಂದು ಅಂದ್ಕೊಂಡಿದೀಯಾ? ಅದೀಗ ಹಾಡಿಂದು. ಕಿತ್ತಾಕೋಕೆ ನೀನ್ಯಾರು?" ಅಂದ್ರು. ಅವರು ನನಗೆ ಬೈದಿದ್ದು ಅದೊಂದೇ ಸಲ.

ಈ ವರ್ಷ ಚಳಿಗಾಲದಲ್ಲಿ ತಾತ ಹೋಗ್ಬಿಟ್ರು. ಮಲಗಿದೋರು ಏಳ್ಲಿಲ್ಲ. ಚರ್ಚಲ್ಲಿ ಎಲ್ಲಾರೂ ಒಳ್ಳೇ ಮನುಷ್ಯ ಅಂದ್ರು, ಮಕ್ಕಳನ್ನ ಜೋಪಾನವಾಗಿ ಕರ್ಕೊಂಡೋಗ್ತಿದ್ರು ಅಂದ್ರು. ಅದೂ ನಿಜವೇ. ಆದ್ರೆ ಹಾಡಿನ ವಿಷ್ಯ ಒಬ್ಬರೂ ಎತ್ಲಿಲ್ಲ. ಅಲ್ಲಿ ಕೂತಿದ್ದವರೆಲ್ಲ ಕಾರಲ್ಲಿ ಬರ್ತಾ ರೇಡಿಯೋ ಕೇಳ್ಕೊಂಡು ಬಂದಿರ್ತಾರೆ, ತಾತನ ಹಳೇ ಹಾಡೇ ಬಂದಿರುತ್ತೆ, ಯಾರಿಗೆ ಗೊತ್ತು. ನಾನು ಆಚೆ ಬಂದು ಕಾರಿನ ಟೈರಿಗೆ ಒದ್ದೆ. ಬಾವನ ಕಾರು ಅದು.

ತಾತ ಹೋದ ಸ್ವಲ್ಪ ದಿನಕ್ಕೇ ಆ ಮ್ಯಾನೇಜರು ಮತ್ತೆ ಹಲ್ಲು ಬಿಟ್ಕೊಂಡು ಬಂದ. ಅದೇ ಮಾತು, ಅದೇ ಷರತ್ತು. ಬೆವ್ ಆಂಟಿ ನನ್ನ ಕರೆದು ಹೇಳಿದ್ರು, "ಕ್ಲೈಡ್ ಪರವಾಗಿ, ನನ್ನ ಪರವಾಗಿ ನಾನು ಹೇಳ್ಬಹುದು. ನಿನ್ನ ಹೆಸರಿನ ಬಗ್ಗೆ ನೀನೇ ಹೇಳ್ಬೇಕು. ನಾನು ಒಂದು ಮಾತೂ ಆಡಲ್ಲ. ಶನಿವಾರ ಅವನು ಫೋನ್ ಮಾಡ್ತಾನೆ."

ಆ ಶನಿವಾರ ನಾನು ಅಕ್ಕನ ಮನೇಲಿದ್ದೆ, ನನ್ನ ಕಾರು ಕೆಟ್ಟಿತ್ತು, ಬಾವಾನೇ ಡ್ರಾಪ್ ಮಾಡಿದ್ರು. ಟೋಟೆಮ್ ಲೇಕಿಂದ ಟಕ್ವಿಲಾ ತನಕ ಟ್ರಾಫಿಕ್ಕು, ತಪ್ಪಿಸ್ಕೊಳ್ಳೋ ಹಂಗಿಲ್ಲ.

"ನೋಡಪ್ಪ, ಎಮೋಷನಲ್ ಆಗ್ಬೇಡ" ಅಂತ ಶುರು ಮಾಡಿದ್ರು. "ನಿನ್ನ ಹೆಸರು ಹೋದ್ರೆ ಹೋಗ್ಲಿ. ಕ್ಲೈಡ್ ಹೆಸರು ಹಾಡಲ್ಲಿ ಉಳಿಯುತ್ತಲ್ಲ? ಪ್ರಪಂಚ ಎಲ್ಲಾ ಕೇಳುತ್ತಲ್ಲ? ನೀನು ಆಗಲ್ಲ ಅಂದ್ರೆ ಅವರ ಹಾಡು ಗ್ಯಾರೇಜಲ್ಲೇ ಧೂಳು ತಿಂತಾ ಬಿದ್ದಿರುತ್ತೆ. ಆಗ ಅವರಿಗೆ ಅನ್ಯಾಯ ಮಾಡೋನು ಯಾರು? ನೀನೇ."

ಬಾವನ ಮಾತಲ್ಲಿ ಇದೇ ಕಷ್ಟ. ತೊಂಬತ್ತು ಭಾಗ ಬೇಜಾರಾಗೋ ಮಾತು, ಮಧ್ಯ ಒಂದು ಸರಿಯಾಗಿ ಹೊಡಿಯುತ್ತೆ. ತಾತನ ಹಾಡು ಊರೆಲ್ಲಾ ಕೇಳ್ಬೇಕು ಅಂತ ನನಗಿಂತ ಜಾಸ್ತಿ ಯಾರಿಗೆ ಆಸೆ? ಗ್ಯಾರೇಜ್ ಬಾಗಿಲು ತೆಗೆಯೋವರೆಗೂ ನಾನು ಹೂಂ ಅನ್ನೋದು ಅಂತಾನೇ ಇದ್ದೆ. ಬಾವ ಬಿಟ್ಟೋಗ್ಲಿಲ್ಲ, ಒಳಗೆ ಬಂದು ಆ ಕಿತ್ತೋದ ಸೋಫಾ ತುದೀಲಿ ಪ್ಯಾಂಟ್ ಕೊಳೆ ಆಗದ ಹಾಗೆ ಕೂತ್ಕೊಂಡ್ರು. ನಾನು ಬುದ್ಧಿವಂತಿಕೆ ಮಾಡ್ತೀನಾ ಇಲ್ವಾ ನೋಡೋಕೆ.

ಫೋನ್ ಬಂತು. ನಾನೇ ಹೇಳ್ದೆ, "ಆಯ್ತು, ನನ್ನ ಹೆಸರು ತೆಗೀರಿ. ಕ್ಲೈಡು, ಬೆವ್ವು, ಎರಡೇ ಹೆಸರು ಇರ್ಲಿ."

"ಹಾಗಲ್ಲ. ಆ ಜಾಗದಲ್ಲಿ ಇವಳ ಹೆಸರು ಬರ್ಬೇಕು."

"ಬರೀ ತೆಗೀರಿ, ಸಾಕು. ಖಾಲಿ ಬಿಡಿ."

"ಖಾಲಿ ಬಿಡೋಕಾಗಲ್ಲ. ಅವಳು ಬರೆದವಳೂ ಅಂತ ಆಗ್ಬೇಕು."

ಆಗ ನನಗೆ ಅರ್ಥ ಆಯ್ತು. ಅವರಿಗೆ ನನ್ನ ಹೆಸರು ಲೆಕ್ಕಕ್ಕೇ ಇಲ್ಲ. ತಾತ ಎಷ್ಟೋ ವರ್ಷ ಬಾಗಿಲು ಹಾಕ್ಕೊಂಡು ಕೂತಿದ್ರಲ್ಲ, ಆ ರೂಮೇ ಅವರಿಗೆ ಬೇಕು. ಅದರಲ್ಲಿ ಕೂರದೇನೇ ಕೂತಿದ್ದೆ ಅನ್ನಬೇಕು.

"ಅವಳು ರೂಮಲ್ಲಿ ಇದ್ಲಾ?" ಅಂದೆ.

"ವಾಟ್?"

"ರೂಮಲ್ಲಿ ಇದ್ಲಾ, ಇಲ್ವಾ?"

"ಆಫ್‌ಕೋರ್ಸ್ ನಾಟ್."

"ಹಂಗಾದ್ರೆ ಆಗಲ್ಲ."

ಬಾವ ತಲೆ ಮೇಲೆ ಕೈ ಇಟ್ಕೊಂಡ್ರು. "ಮುಗೀತು. ಒಂದು ಅವಕಾಶ ಇತ್ತು, ಅದೂ ಮುಗೀತು. ನಿನ್ನ ಜೊತೆ ಮಾತಾಡೋದೂ ಒಂದೇ..." ಗೋಡೆ ಅನ್ನೋಕೆ ಹೊರಟಿದ್ರು, ಗೋಡೆ ಪೂರ್ತಿ ತಾತನ ಫೋಟೋ ಇದ್ದಿದ್ದು ನೋಡಿ ಸುಮ್ಮನಾದ್ರು.

ಬೆವ್ ಆಂಟಿ ಸ್ವಲ್ಪ ಹೊತ್ತು ಕನ್ನಡಕ ಒರೆಸ್ತಾ ಇದ್ರು. ಆಮೇಲೆ, "ಕೊನೆ ಚರಣ ಬಾಕಿ ಇದೆ. ಇವತ್ತು ಮುಗಿಸಿ ನಾವೇ ಆಚೆ ಬಿಡೋಣ" ಅಂದ್ರು. ತಾತನ ದನಿ ಹಾಕಿದ್ರು. ಸತ್ತೋದವರು ಕೆಮ್ಮೋದು ಕೇಳಿದೀರಾ? ತಾತ ಹಾಡೋಕೆ ಮುಂಚೆ ಒಂದ್ಸಲ ಕೆಮ್ತಾರೆ. ಆಂಟಿ ಎಲ್ಲದಕ್ಕೂ ಬೇಡ ಅನ್ನೋರು, ಆ ಕೆಮ್ಮು ಮಾತ್ರ ತೆಗೆದಿಲ್ಲ.

ಡಿಶ್ ಕೊಟ್ಟು ಹೆಂಡ್ತಿ ಹೋದ್ಲು. ಗಂಡಸು ಅಡುಗೆಮನೇಲಿ ಡಿಶ್ ಹಿಡ್ಕೊಂಡು ನಿಂತಿದಾನೆ. ಮುಂದೆ? ನಾನು, ಒಡೆದಾಕ್ತಾನೆ ಅಂದೆ. ಬೇಡ. ಕುಡೀತಾನೆ ಅಂದೆ. ಬೇಡ. ಆಂಟಿಗೂ ಏನೂ ಹೊಳೀಲಿಲ್ಲ. ತಾತನ ದನಿ ಇನ್ನೊಂದ್ಸಲ ಹಾಕಿದ್ರು, ಆಚೆ ಮಳೆ.

ಸೋಫಾ ತುದಿಯಿಂದ ಬಾವ ಮೆಲ್ಲಗೆ, "ಅವನು ಅದನ್ನ ತೊಳೀತಾನೆ" ಅಂದ್ರು.

"ಬಾವ, ಅವಳು ತೊಳೆದೇ ಕೊಟ್ಟಿರೋದು. ಹಾಡು ಸರಿಯಾಗಿ ಕೇಳಿ" ಅಂದೆ ನಾನು.

"ಕೇಳಿದೀನಯ್ಯಾ. ಕ್ಲೀನಾಗೇ ಇದೆ. ಆದ್ರೂ ಅವನು ಇನ್ನೊಂದ್ಸಲ ತೊಳೀತಾನೆ. ನಾನಾಗಿದ್ರೆ... ಮತ್ತೇನ್ ಮಾಡೋಕಾಗುತ್ತೆ, ತೊಳೀತಾ ನಿಂತಿರ್ತಿದ್ದೆ."

ಆಂಟಿ ಕಣ್ಣು ನನ್ನ ಮೇಲೆ ಬಂತು. ನಾನು ಇಂಗ್ಲಿಷಲ್ಲಿ ಹೇಳ್ದೆ. ಅವರು ಎದ್ದು ಮೈಕ್ ಮುಂದೆ ನಿಂತ್ರು. ಬೇರೆಯವರಿಗೆ ಜೀವಮಾನ ಎಲ್ಲಾ ಹಿಂಗೆ ಹಾಡಿ ಹಂಗೆ ಹಾಡಿ ಅಂದವರು, ತಾವು ಹಾಡಿದ್ದು ನಾನು ಕೇಳಿರ್ಲಿಲ್ಲ. ಕೊನೆ ಚರಣ ಅವರ ದನೀಲಿದೆ. ದನಿ ಅಷ್ಟಕ್ಕಷ್ಟೇ. ಬೇಡ ಅನ್ನೋರು ಯಾರೂ ಇರ್ಲಿಲ್ಲ.

ಮುಗಿದ್ಮೇಲೆ ಬಾವನ ಕಡೆ ತಿರುಗಿ, "ನಿಮ್ಮ ಹೆಸರು ಹೇಗೆ ಬರೆಯೋದು?" ಅಂದ್ರು.

ಬಾವ ಎದ್ದು ನಿಂತ್ಬಿಟ್ರು. "ನೋ ನೋ, ನಾನು ಸುಮ್ನೆ ಡ್ರಾಪ್ ಮಾಡೋಕ್ ಬಂದೆ."

ನಿಮಗೆ ನಿಜ ಹೇಳ್ತೀನಿ, ನನಗೆ ಮೈಯೆಲ್ಲಾ ಉರಿದೋಯ್ತು. ಬೆಳಗ್ಗೆಯಿಂದ ಸಹಿ ಹಾಕು, ಹೂಂ ಅನ್ನು ಅಂತ ಪ್ರಾಣ ತಿಂದ ಮನುಷ್ಯ! ಇವರ ಹೆಸರಾ, ತಾತನ ಹಾಡಲ್ಲಾ? ಆದ್ರೆ ಈಗ ತಾನೆ ಫೋನಲ್ಲಿ ರೂಮಲ್ಲಿ ಇದ್ಲಾ ಇಲ್ವಾ ಅಂತ ಅಷ್ಟು ಜೋರಾಗಿ ಕೂಗಿದವನು ನಾನೇ ಅಲ್ವಾ. ಹಲ್ಲು ಕಚ್ಕೊಂಡು, "ಜಿ, ಐ, ಆರ್..." ಅಂತ ನಾನೇ ಹೇಳ್ದೆ. "ರೂಮಲ್ಲಿ ಇದ್ರಿ ಬಾವ, ಏನ್ ಮಾಡೋದು."

ವಾಪಸ್ ಹೊರಡೋವಾಗ ಬಾವ ಕ್ಲೌಡಿನ ಮಾತೇ ಎತ್ಲಿಲ್ಲ.

ಇದಿಷ್ಟು ಕಥೆ ಇಟ್ಕೊಂಡು ನಾನು ಹೋದ ಭಾನುವಾರ ಆ ಟೇಬಲ್ ಹತ್ರ ಕೂತಿದ್ದೆ. ಡಸ್ ಇಟ್ ಮ್ಯಾಟರ್ ಅಂತೆ. ನಾನು ಆ ಹುಡುಗೀಗೆ ಸರಿಯಾಗಿ ಹೇಳೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಬಾವ ಎದ್ದು ಸ್ಪೀಕರಿಗೆ ತಮ್ಮ ಫೋನ್ ಜೋಡಿಸಿದ್ರು. ತಾತ ಕೆಮ್ಮಿದ್ರು. ಹಾಡು ಶುರು ಆಯ್ತು.

"ಇದನ್ನ ಬರೆದೋರು ಕ್ಲೈಡ್ ಅಂತ" ಅಂದ್ರು ಬಾವ, ಮೀಟಿಂಗಲ್ಲಿ ಹೇಳೋ ಹಂಗೆ. "ಇನ್ನೊಬ್ಬರು ಬೆವ್. ಆಮೇಲೆ ನಮ್ಮ ಬಾಮೈದ, ಇವನೇ." ನಿಲ್ಲಿಸಿ, ಗಂಟಲು ಸರಿ ಮಾಡ್ಕೊಂಡು, "ನಾನೂ ರೂಮಲ್ಲಿದ್ದೆ" ಅಂದ್ರು.

ಅವರ ಆಫೀಸಿನವರು ಜೋಕು ಅಂದ್ಕೊಂಡು ನಕ್ರು. ಅನ್ವಿ ನಗ್ಲಿಲ್ಲ. ಎಷ್ಟು ಜನ ಕೇಳಿದಾರೆ ಅಂತ ಫೋನಲ್ಲಿ ನೋಡಿ, "ಅಂಕಲ್, ಇದನ್ನ ಯಾರೂ ಕೇಳೇ ಇಲ್ಲ" ಅಂದ್ಲು. ಕನ್ನಡದಲ್ಲಿ ಹೇಳಿದ್ಲು, ಅದೊಂದು ಮಾತು. ನಿಜಾನೇ. ಊರು ಕೇಳೋ ಹಾಡಾಗ್ಲಿಲ್ಲ ಅದು. ಬಾವ ಕಾರಲ್ಲಿ ಅಂದ ಮಾತು ಈಗ್ಲೂ ಒಂದೊಂದ್ಸಲ ಎದ್ದು ಕೂತ್ಕೊಳ್ಳುತ್ತೆ.

ಕೊನೆ ಚರಣ ಮುಗೀತು. ಹುಡುಗಿ ಸ್ವಲ್ಪ ಹೊತ್ತು ಟೇಬಲ್ ಮೇಲಿದ್ದ ಡಿಶ್ ನೋಡ್ತಾ ಇದ್ಲು. ಆಮೇಲೆ ಮೊದಲು ತಾನು ಹಾಕಿದ್ದ ಹಾಡನ್ನ ಫೋನಲ್ಲಿ ಹುಡುಕಿ, ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಹೆಸರುಗಳನ್ನ ಒಂದೊಂದಾಗಿ ಜೋರಾಗಿ ಓದಿದ್ಲು. ಅವರ್ಯಾರೋ ನನಗೆ ಗೊತ್ತಿಲ್ಲ. ನೀವೂ ಕೇಳಿರಲ್ಲ. ಅವರಲ್ಲಿ ಯಾರು ಬರೆದ್ರೋ, ಯಾರು ಅನ್ನ ತಂದ್ರೋ. ಆದ್ರೆ ಅಷ್ಟೂ ಜನ ಒಂದು ಗಳಿಗೆ ಅಕ್ಕನ ಮನೇಲಿ ಬಂದು ಕೂತ ಹಾಗಾಯ್ತು.

ಅಮ್ಮ ಅಡುಗೆಮನೆಯಿಂದ ಬಂದು ಡಿಶ್ ಎತ್ಕೊಂಡ್ಲು. "ಆಯಮ್ಮನ ಪಾತ್ರೆ ಎಷ್ಟು ದಿನ ಮಡೀಕಂಡಿದ್ದೀಯ್ಲಾ? ಚಿತ್ರಾನ್ನ ಕಲಸ್ಕೊಡ್ತೀನಿ, ಈಗ್ಲೇ ಹೋಗ್ ಕೊಟ್ಬುಟ್ ಬಾ."

ಒಗ್ಗರಣೆ ಚಟಪಟ ಅಂತು. ನಾನು ಡಿಶ್ ಹಿಡ್ಕೊಂಡು ಬಾಗಿಲ ಹತ್ರ ಬಂದ್ರೆ ಬಾವ ಆಗ್ಲೇ ಶೂ ಹಾಕ್ಕೊಳ್ತಿದ್ದಾರೆ.

"ನೀವ್ಯಾಕೆ ಬಾವ? ನನ್ನ ಕಾರು ಸರಿಯಾಗಿದೆ."

"ಇರ್ಲಿ, ಬರ್ತೀನಿ. ಏನಾದ್ರೂ ಹೊಸಾದು ಬರೀತಿರ್ಬಹುದು ಅವರು."

"ಬಂದ್ರೆ ಬಾಯಿ ಮುಚ್ಕೊಂಡು ಕೂತಿರ್ಬೇಕು."

"ಕೂತಿರ್ತೀನಪ್ಪ" ಅಂದ್ರು ಬಾವ. "ಸುಮ್ನೆ ಕೂತಿದ್ರೂ ಹೆಸರು ಹಾಕ್ತಾರಲ್ಲ."